ಕುಕ್ಕರಿನ ವೆಯ್ಟೂ ಮಗನ ಕಾರೂ

ಅಡಿಗೆಮನೆಯ ಹೊರಗಿನ ಯಂತ್ರಗಳೆಂದರೆ ನನಗೆ ಅಷ್ಟಕ್ಕಷ್ಟೆ. ಅಂಥವಳು ಹೋದ ವರ್ಷ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮಗನ ಕಾರಿಗೆ ಬೂಸ್ಟ್ ಕಂಟ್ರೋಲರ್ ಆರಿಸಿಕೊಟ್ಟು ಬಂದೆನೆಂದರೆ ಶಿವಮೊಗ್ಗದ ನನ್ನ ಗೆಳತಿಯರು ನಗುತ್ತಾರೆ.

ಕಾರು 1993ರ ವೋಲ್ವೊ 940 ಟರ್ಬೊ. ನೋಡಲು ಇಟ್ಟಿಗೆಯ ಹಾಗೆ ಚಚ್ಚೌಕ. "ಮೂರು ಕಡೆ ಹಿಡಿಯೋ ಸೀಟ್ ಬೆಲ್ಟನ್ನ 1959ರಲ್ಲಿ ಕಾರಿಗೆ ತಂದವರು ಇವರೇ ಅಮ್ಮಾ" ಎಂದು ಹೆಮ್ಮೆಯಿಂದ ಹೇಳಿದವನೇ, ಮರುಗಳಿಗೆಗೆ ಅದರ ಜೋರು ಹೆಚ್ಚಿಸುವ ಮಾತು ತೆಗೆದ.

ಟರ್ಬೊ ಎಂದರೇನೆಂದು ಅವನೇ ಹೇಳಿಕೊಟ್ಟ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಗೆ ಸೇರಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಒತ್ತಡ ಮಿತಿ ಮುಟ್ಟಿದಾಗ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು, ಹೊಗೆಯನ್ನು ಚಕ್ರದ ಪಕ್ಕದಿಂದ ಸಾಗಹಾಕುತ್ತದೆ.

"ಕುಕ್ಕರಿನ ವೆಯ್ಟು!" ಎಂದೆ.

"ಹೂಂ. ಆ ವೆಯ್ಟು ಸ್ವಲ್ಪ ತಡವಾಗಿ ಏಳೋ ಹಾಗೆ ಮಾಡೋದೇ ಬೂಸ್ಟ್ ಕಂಟ್ರೋಲರ್."

ಎದೆ ಝಲ್ಲೆಂದಿತು. ನಮ್ಮ ಕುಕ್ಕರಿನ ವೆಯ್ಟು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡಕ್ಕೆ ಏಳುತ್ತದೆ. ಬೇಳೆ ಬೇಗ ಬೇಯಲೆಂದು ಯಾರಾದರೂ ಅದರ ಮೇಲೆ ಗುಂಡುಕಲ್ಲು ಇಟ್ಟಾರೆಯೇ?

"ಜಾಸ್ತಿಯಾದರೆ?"

"ಪೆಟ್ರೋಲು ಅಡ್ಡಾದಿಡ್ಡಿ ಸಿಡಿದು ಪಿಸ್ಟನ್ ಒಡೀಬಹುದು. ನಾನು ಸ್ವಲ್ಪವೇ ಏರಿಸ್ತೀನಮ್ಮಾ."

ಸ್ವಲ್ಪವೇ! ಅದು ಅವರಪ್ಪನ ಮಾತು. ಉಪ್ಪು ಸ್ವಲ್ಪವೇ, ಕಚೇರಿಯ ಕೆಲಸ ಇನ್ನು ಸ್ವಲ್ಪವೇ. ಬೀಪಿ ನೋಡಿಸಿಕೊಳ್ಳಿ ಎಂದರೆ, "ನನಗೇನಾಗಿದೆ?" 52ನೇ ವಯಸ್ಸಿಗೆ ಮೇಜಿನ ಮುಂದೆಯೇ ಕುಸಿದರು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಂಟ್ರೋಲರಿನಲ್ಲಿ ಎರಡು ಬಗೆ. ಒಂದು ಎಲೆಕ್ಟ್ರಾನಿಕ್. ಕೂತಲ್ಲಿಂದಲೇ ಗುಂಡಿ ಒತ್ತಿ ಒತ್ತಡ ಬದಲಿಸಬಹುದು, ಬೆಲೆ ಜಾಸ್ತಿ. ಇನ್ನೊಂದು ಹೆಬ್ಬೆರಳಿನಷ್ಟು ಲೋಹದ ತುಂಡು. ಒಳಗೊಂದು ಗುಂಡು, ಒಂದು ಸ್ಪ್ರಿಂಗು. ಬದಲಿಸಬೇಕೆಂದರೆ ಇಳಿದು, ಬಾನೆಟ್ ಎತ್ತಿ, ತಿರುಪು ತಿರುಗಿಸಬೇಕು. ಮಗನ ಕಣ್ಣು ಮೊದಲನೆಯದರ ಮೇಲೆ.

"ಎರಡನೇದು ತಗೋ" ಎಂದೆ. "ಉಪ್ಪಿನಕಾಯಿ ಭರಣೀನ ಅಟ್ಟದ ಮೇಲೆ ಯಾಕೆ ಇಡ್ತೀವಿ? ಕೈಗೆ ಸಿಕ್ಕರೆ ಕೈ ಸುಮ್ಮನಿರಲ್ಲ ಕಣೋ. ಈ ಊರಿನ ಮಳೇಲಿ ಇಳಿದು ಬಾನೆಟ್ ಎತ್ತೋ ಹೊತ್ತಿಗೆ ಆಸೆ ತಣ್ಣಗಾಗಿರುತ್ತೆ. ಅದಕ್ಕೂ ಮೊದಲು ಒತ್ತಡ ತೋರಿಸೋ ಮೀಟರ್ ಹಾಕಿಸು. ಈಗ ಎಷ್ಟಿದೆ ಅಂತಲೇ ಗೊತ್ತಿಲ್ಲದೆ ಏರಿಸೋದು ಏನನ್ನ?"

ಮೀಟರ್ ಹಾಕಿದರೆ, ಮುಳ್ಳು ಇರಬೇಕಾದಷ್ಟೂ ಏರಲಿಲ್ಲ! ಹುಡುಕಿದಾಗ ಒಂದು ಹಳೆಯ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ಹೊಸದು ಹಾಕಿದ ಮೇಲೆ ಕಾರಿಗೆ ಅರ್ಧ ಜೀವ ಹಾಗೆಯೇ ಬಂತು. ಆಮೇಲೆ ಆ ಪುಟ್ಟ ಕಂಟ್ರೋಲರ್ ಜೋಡಿಸಿ, ಎಲ್ಲಕ್ಕಿಂತ ಕೆಳಗಿನಿಂದ ಶುರುಮಾಡಿ, ಮುಳ್ಳನ್ನು ನೋಡುತ್ತ ಕಾಲು ಸುತ್ತು ತಿರುಗಿಸಿ, ಅಲ್ಲಿಗೇ ನಿಲ್ಲಿಸಿದ.

ನಾನು ಹೊರಡುವ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ, ಕೇಳದೆಯೇ ಹೇಳಿದ: "ಹೋದ ವಾರ ಬೀಪಿ ನೋಡಿಸ್ಕೊಂಡೆ ಅಮ್ಮಾ."

"ಎಷ್ಟಿತ್ತು?"

"ಸ್ವಲ್ಪ ಜಾಸ್ತೀನೇ. ಮಾತ್ರೆ ಕೊಟ್ಟಿದಾರೆ. ತಗೋತಿದೀನಿ."

ನಾನು ಮೀಟರಿನ ಕಡೆ ನೋಡಿದೆ. ಮುಳ್ಳು ಅದರ ಜಾಗದಲ್ಲಿತ್ತು.