ಮದ್ದಿನ ಅಳತೆ

ಕನ್ನಡದಲ್ಲಿ ಕೋವಿಗೆ ತುಂಬುವುದೂ ಮದ್ದು, ರೋಗಿಗೆ ಕೊಡುವುದೂ ಮದ್ದು. ಕೊಡಗಿನಲ್ಲಿ ಬೆಳೆದ ನನಗೆ ಎರಡರ ಪರಿಚಯವೂ ಉಂಟು. 1972ರ ಕಾಯಿದೆಯ ನಂತರ ಬೇಟೆ ನಿಂತಿತು. ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿಯಿಡುವುದು ಉಳಿದಿದೆ. ಮನೆಯ ಹಿರಿಯರು ಕೇಪಿನ ಕೋವಿಗೆ ಮದ್ದು ಅಳೆಯುವಾಗ ಹತ್ತಿರ ಯಾರೂ ಮಾತನಾಡುವಂತಿರಲಿಲ್ಲ.

ದೊಡ್ಡ ರೈಫಲ್ಲಿನ ಒದೆತ ಭುಜಕ್ಕೆ ಕಡಿಮೆಯಾಗಲೆಂದು ವಿದೇಶದ ಹವ್ಯಾಸಿಗಳು ಮದ್ದು ಇಳಿಸಿದ ತೋಟೆಗಳನ್ನು ತಾವೇ ತಯಾರಿಸುವುದುಂಟು. ಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ತೋರುತ್ತದೆ, ಆದರೆ ಹಾಗಿಲ್ಲ. ಒತ್ತಡ ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಅದರ ಹಿಂದೆಯೇ ಹೊಡೆದ ಎರಡನೆಯ ಗುಂಡು ನಳಿಗೆಯನ್ನೇ ಸೀಳಬಹುದು. ಆದ್ದರಿಂದ ಬಲ್ಲವರು ಪರೀಕ್ಷಿಸಿದ ಪಟ್ಟಿ ಬಿಟ್ಟು ಕೈಯಳತೆಗೆ ಹೋಗುವುದಿಲ್ಲ.

ಇದನ್ನು ಬರೆಯಲು ಕಾರಣವಿದೆ. ದುಬೈ, ಅಬುಧಾಬಿಯ ನಮ್ಮವರಲ್ಲಿ ಕೆಲವರು ಊರಿನಿಂದ ತಂದ ರಕ್ತದೊತ್ತಡದ ಮಾತ್ರೆ ಮುಂದಿನ ರಜೆಯವರೆಗೆ ಬರಲೆಂದು ಅರ್ಧ ಮುರಿದು ನುಂಗುತ್ತಾರೆ. ತಲೆನೋವಿಲ್ಲ, ಸುಸ್ತಿಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಏರಿದ ಒತ್ತಡ ಸದ್ದು ಮಾಡುವುದಿಲ್ಲ. ಮೊದಲ ಸೂಚನೆಯೇ ಪಾರ್ಶ್ವವಾಯು ಆಗಬಹುದು. ಅಳತೆ ಬದಲಿಸುವ ಮೊದಲು ನಿಮ್ಮ ಡಾಕ್ಟರರನ್ನು ಕೇಳಿ. ಹಣದ ತೊಂದರೆಯಿದ್ದರೆ ಸಂಕೋಚವಿಲ್ಲದೆ ಅದನ್ನೂ ಹೇಳಿ. ಅದೇ ಗುಣದ ಅಗ್ಗದ ಮಾತ್ರೆ ಅನೇಕ ಸಲ ಸಿಗುತ್ತದೆ.