ದುರ್ಗದ ಹೆದ್ದಾರಿಯ ಕೊನೆಗೊಂದು ಆಟದ ಕಾರ್ಖಾನೆ

ಚಿತ್ರದುರ್ಗದಿಂದ ಹಿರಿಯೂರಿನ ಮೇಲೆ ಹಾಯ್ದು ಸುಮಾರು 200 ಕಿ.ಮೀ. ಕ್ರಮಿಸಿದರೆ ಬೆಂಗಳೂರು. ಕಂಪ್ಯೂಟರ್ ಆಟಗಳನ್ನು ತಯಾರಿಸಿದ ಭಾರತದ ಮೊದಮೊದಲ ಸಂಸ್ಥೆಗಳಲ್ಲೊಂದಾದ 'ಧ್ರುವ ಇಂಟರ್ಯಾಕ್ಟಿವ್' 1997ರಲ್ಲಿ ಹುಟ್ಟಿದ್ದು ಇಲ್ಲಿಯೇ. ಸ್ಥಾಪಕರು ರಾಜೇಶ್ ರಾವ್. ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರರೂಪ ಕೊಟ್ಟೇ ಅದು ಬೆಳೆಯಿತು. 'ಫೋರ್ಜಾ' ಎಂಬ ಮೋಟಾರು ಪಂದ್ಯದ ಆಟಕ್ಕೆ ದುಡಿದವರಲ್ಲಿ ಇವರೂ ಇದ್ದರು.

ಪರದೆಯ ಮೇಲೆ ಓಡುವ ಕಾರೆಂದರೆ ಸಾವಿರಾರು ಪುಟ್ಟ ತ್ರಿಭುಜಗಳ ಜೋಡಣೆ. ತ್ರಿಭುಜ ಹೆಚ್ಚಿದಷ್ಟೂ ಕಾರಿನ ಮೈ ನುಣುಪು. ಯಂತ್ರಕ್ಕೆ ಲೆಕ್ಕವೂ ಅಷ್ಟೇ ಹೆಚ್ಚು. ಹೊಸದುರ್ಗ, ಹೊಳಲ್ಕೆರೆಯ ಮಕ್ಕಳು ಹತ್ತನೆಯ ತರಗತಿಯಲ್ಲಿ ಬಿಡಿಸುವ ತ್ರಿಭುಜಗಳೇ ಇವು! ಆಟವೆಂದೊಡನೆ ಹುಬ್ಬು ಗಂಟಿಕ್ಕುವ ತಂದೆತಾಯಿಯರು ಇದನ್ನು ಗಮನಿಸಬೇಕು. ಆಡುವುದು ಬೇರೆ, ಕಟ್ಟುವುದು ಬೇರೆ.

ಸಂಸ್ಥೆಯನ್ನು ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಕೊಂಡಾಗ ಧ್ರುವ ಎಂಬ ಹೆಸರು ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಹೋಯಿತು.