ಅಮ್ಮನ ಬಾಗಿಲಿಗೆ 19 ಚುಕ್ಕಿ

ಧನುರ್ಮಾಸದಲ್ಲಿ ಬೆಳಗ್ಗೆ ಆರಕ್ಕೆ ಮೈಸೂರಿನ ಅಗ್ರಹಾರದ ಕಡೆ ಓಡಾಡಿದ್ದೀರಾ? ಮೈ ನಡುಗಿಸೋ ಚಳಿ, ಬಾಗಿಲ ಮುಂದೆ ಒದ್ದೆ ನೆಲ, ಅದರ ಮೇಲೆ ಬೆಳ್ಳಗೆ ರಂಗೋಲಿ. ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿಂದ ಹೋದಾಗ ನಮ್ಮನೆ ಮುಂದೆ ಮಾತ್ರ ಸ್ಟಿಕ್ಕರ್ ಅಂಟಿಸಿತ್ತು. ಅಮ್ಮನಿಗೆ ಮಂಡಿನೋವು, ಬಗ್ಗೋಕಾಗಲ್ಲ.

ಮರುದಿನ ನಾನೇ ನೀರು ಚಿಮುಕಿಸಿ ಕೂತೆ. ಅಮ್ಮ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಸಿಕೊಂಡರು. "5ರಿಂದ 3, ಸಂದು ಚುಕ್ಕಿ. ನಡುಸಾಲು ಮೊದಲು ಇಡು." ನಡುವೆ 5, ಅದರ ಮೇಲೂ ಕೆಳಗೂ 4, ಆಮೇಲೆ 3. ಪ್ರತಿ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಒಟ್ಟು 19.

ಕೋಡ್ ಬರೆಯೋನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಹೆಬ್ಬೆರಳು, ತೋರುಬೆರಳ ನಡುವಿಂದ ಪುಡಿ ಬೀಳೋದು ನನ್ನ ಮಾತು ಕೇಳಬೇಕಲ್ಲ! ಒಂದೊಂದು ಚುಕ್ಕಿಯೂ ಗೋಲಿ ಗಾತ್ರ. ಆಕಾರವೂ ಉದ್ದಕ್ಕೆ ಎಳೆದ ಹಾಗಿತ್ತು. "ಚುಕ್ಕಿಗೆ ನಾಲ್ಕು ಬೆರಳು ಬಿಟ್ಟರೆ ಸಾಲಿಗೆ ಸ್ವಲ್ಪ ಕಮ್ಮಿ ಬಿಡೋ" ಅಂದ್ರು. ಸಮಭುಜ ತ್ರಿಕೋನದ ಲೆಕ್ಕ ಅದು. ಇಂಜಿನಿಯರಿಂಗ್ ಓದಿದ ನನಗೆ ಹೊಳೆದಿರಲಿಲ್ಲ.

ಅಳಿಸಿ ಮತ್ತೆ ಇಟ್ಟೆ. ನಡುಚುಕ್ಕಿಯಿಂದ ಆರು ಮೂಲೆಗೂ ಒಂದೊಂದು ದಳ, ದಳದೊಳಗೆ ಒಂದೊಂದು ಚುಕ್ಕಿ. ಹೂವು ಬಂತು, ಸ್ವಲ್ಪ ಸೊಟ್ಟ. ಎದುರುಮನೆ ಆಂಟಿ "ಮಗನ ಕೈಲಿ ಬಿಡಿಸ್ತಿದೀರಾ?" ಅಂತ ನಕ್ಕರು. ಅಮ್ಮ ಉತ್ತರ ಕೊಡಲಿಲ್ಲ. ಒಳಗಿಂದ ಹಳೇ ರಂಗೋಲಿ ಪುಸ್ತಕ ತರಿಸಿ, ಪುಟ ತಿರುಗಿಸಿದರು.

"ನಾಳೆ 7ರಿಂದ 4. 37 ಚುಕ್ಕಿ ಇದೆ, ಬೇಗ ಏಳು."